ಹಾಯಿದೋಣಿಯಲ್ಲಿ ಬಿಸಿಲಿನ ಪಾಲು

ಹಾಯಿದೋಣಿ ಸಾಗುವುದಕ್ಕೆ ಗಾಳಿಯೇ ಸಾಕಾದರೂ, 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಯುರೋಪಿನ ವಿಹಾರದೋಣಿಗಳಿಗೆ ವಿದ್ಯುದ್ದೀಪ, ರೇಡಿಯೊ, ಆಳ ಅಳೆಯುವ ಯಂತ್ರಗಳು ಬಂದಂತೆಲ್ಲ ಬ್ಯಾಟರಿಗಳ ಸಂಖ್ಯೆಯೂ ಹೆಚ್ಚಿತು. ಎಂಜಿನ್ ಚಾಲೂ ಮಾಡಲು ಕೆಲವೇ ಕ್ಷಣ ಭಾರಿ ಪ್ರವಾಹ ಕೊಡುವುದೊಂದು, ರಾತ್ರಿಯಿಡೀ ದೀಪ ಉರಿಸಲು ಸಣ್ಣ ಪ್ರವಾಹ ಕೊಡುವುದು ಇನ್ನೊಂದು ಎಂದು ಅವುಗಳನ್ನು ಬೇರ್ಪಡಿಸಲಾಯಿತು. ಇವೆರಡನ್ನೂ ನಿಭಾಯಿಸುತ್ತಿದ್ದುದು 'ಒಂದು', 'ಎರಡು', 'ಎರಡೂ', 'ಬಂದ್' ಎಂಬ ನಾಲ್ಕು ನೆಲೆಗಳ ತಿರುಗು ಸ್ವಿಚ್ಚು. ಲಂಗರು ಹಾಕಿದ ರಾತ್ರಿ ಅದನ್ನು 'ಎರಡೂ' ಎಂಬಲ್ಲಿಯೇ ಮರೆತರೆ ಬೆಳಗಾಗುವಷ್ಟರಲ್ಲಿ ಎರಡು ಬ್ಯಾಟರಿಗಳೂ ಬರಿದಾಗಿ ಎಂಜಿನ್ ಮಿಸುಕುತ್ತಿರಲಿಲ್ಲ.

ಈ ಬ್ಯಾಟರಿಗಳನ್ನು ತುಂಬಲು ಬಿಸಿಲು ಒದಗುವುದಕ್ಕೆ ಕಾಲ ಹಿಡಿಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರಕಟಿಸಿದ ಸಿಲಿಕಾನ್ ಸೌರಕೋಶ ಬಿಸಿಲಿನ ಸುಮಾರು 6 ಪ್ರತಿಶತವನ್ನು ವಿದ್ಯುತ್ತಾಗಿಸುತ್ತಿತ್ತಾದರೂ ಅದರ ಬೆಲೆ ಉಪಗ್ರಹಗಳಿಗಷ್ಟೇ ಎಟುಕುವಂತಿತ್ತು. 1970ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಎಲಿಯಟ್ ಬರ್ಮನ್, ಎಕ್ಸಾನ್ ತೈಲ ಕಂಪನಿಯ ಬಂಡವಾಳದಿಂದ, ಎಲೆಕ್ಟ್ರಾನಿಕ್ ಉದ್ಯಮ ತಿರಸ್ಕರಿಸಿದ ಸಿಲಿಕಾನ್ ಬಿಲ್ಲೆಗಳನ್ನೇ ಬಳಸಿ, ವಾಟ್ ಒಂದಕ್ಕೆ ಸುಮಾರು 100 ಡಾಲರ್ ಇದ್ದ ಬೆಲೆಯನ್ನು 20ರ ಆಸುಪಾಸಿಗೆ ಇಳಿಸಿದರು. ಆ ಫಲಕಗಳನ್ನು ಮೊದಮೊದಲು ಕೊಂಡವರಲ್ಲಿ ಸಮುದ್ರದ ತೈಲಬಾವಿಗಳ ಒಡೆಯರೂ, ಹಡಗುಗಳಿಗೆ ದಾರಿ ತೋರುವ ತೇಲುದೀಪಗಳನ್ನು ನೋಡಿಕೊಳ್ಳುವ ಅಮೆರಿಕದ ಕರಾವಳಿ ಕಾವಲು ಪಡೆಯೂ ಇದ್ದುದು ಗಮನಾರ್ಹ. ಮನೆಯ ಮಾಡುಗಳಲ್ಲಿ ಸಾಮಾನ್ಯವಾಗುವ ಮುನ್ನವೇ ಸೌರಫಲಕ ಉಪ್ಪುಗಾಳಿಗೆ ಮೈಯೊಡ್ಡಿತ್ತು.

ದೋಣಿಯ ಸೀಸ ಮತ್ತು ಆಮ್ಲದ ಬ್ಯಾಟರಿಗೆ ಈ ಫಲಕ ಹೇಳಿ ಮಾಡಿಸಿದಂತಿತ್ತು. ತುಂಬುತ್ತ ಬಂದಂತೆ ಇಂಥ ಬ್ಯಾಟರಿ ಪ್ರವಾಹವನ್ನು ಕಡಿಮೆ ಕಡಿಮೆಯಾಗಿ ಹೀರುವುದರಿಂದ ಕೊನೆಯ ಪಾಲಿಗಾಗಿ ಎಂಜಿನ್ನನ್ನು ಗಂಟೆಗಟ್ಟಲೆ ಓಡಿಸುವುದು ದುಂದು; ಅರೆಬರೆ ತುಂಬಿಸಿ ಬಿಟ್ಟರೆ ಸೀಸದ ಹಲಗೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿಯ ಆಯುಷ್ಯವೇ ಕುಗ್ಗುತ್ತದೆ. ಬಿಸಿಲಿಗಾದರೋ ಅವಸರವಿಲ್ಲ.

ತೊಡಕಿದ್ದುದು ಹಂಚಿಕೆಯಲ್ಲಿ. ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳ ಮೂಲಕ ಒಂದೇ ಫಲಕದಿಂದ ಎರಡೂ ಬ್ಯಾಟರಿಗಳಿಗೆ ತಂತಿ ಎಳೆದರೆ ಒಂದು ಇನ್ನೊಂದನ್ನು ಬರಿದುಮಾಡಲಾರದು, ರಾತ್ರಿ ಪ್ರವಾಹ ಫಲಕಕ್ಕೂ ಹಿಮ್ಮರಳದು. ಆದರೆ ಪ್ರತಿ ಸಿಲಿಕಾನ್ ಡಯೋಡ್ ಸುಮಾರು 0.7 ವೋಲ್ಟ್ ನುಂಗುವುದರಿಂದ, ಫಲಕದ ವೋಲ್ಟೇಜನ್ನು ಹದದಲ್ಲಿಡುವ ನಿಯಂತ್ರಕದಿಂದ 14.4 ಹೊರಟರೆ ಬ್ಯಾಟರಿಗೆ ಮುಟ್ಟುವುದು 13.7 ಮಾತ್ರ, ಅಷ್ಟರಲ್ಲಿ ಅದು ಬೇಗ ತುಂಬದು. ಈ ಸುಂಕವನ್ನು ತಪ್ಪಿಸಿದ್ದು ವೋಲ್ಟೇಜ್ ಅರಿತು ತಾನಾಗಿ ಕೂಡುವ ಸ್ವಿಚ್ಚು, ಅಂದರೆ ರಿಲೇ: ದೀಪದ ಬ್ಯಾಟರಿ ಸುಮಾರು 13.3 ವೋಲ್ಟ್‌ಗೆ ಏರಿದಾಗ ಅದು ಎಂಜಿನ್ನಿನ ಬ್ಯಾಟರಿಯನ್ನು ಜೋಡಿಸುತ್ತದೆ, ಸಂಜೆ ಬಿಸಿಲಿಳಿದು ವೋಲ್ಟೇಜ್ 12.8ಕ್ಕೆ ಬಂದಾಗ, ಯಾರೂ ಸ್ವಿಚ್ಚು ಮುಟ್ಟದಿದ್ದರೂ, ಟಕ್ಕೆಂದು ಬಿಡಿಸಿಕೊಳ್ಳುತ್ತದೆ.