ಕಟ್ಟುಕೊಡಗೆಯ ಕೆರೆ

ಕೆರೆಗಳನ್ನೆಲ್ಲ ಅರಸರೇ ಕಟ್ಟಿಸಿದರೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿ ಕಣ್ಣೀರಿಟ್ಟ ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕೆರೆ ಕಟ್ಟಿಸಿದವನು ಅರಸನಲ್ಲ, ಕಲ್ಲನಕೇರಿಯ ಮಲ್ಲನಗೌಡ. ಕಥೆ ಹಾಗಿರಲಿ, ಊರ ಗೌಡರೂ ಸಿರಿವಂತರೂ ಸ್ವಂತ ಹಣದಿಂದ ಕೆರೆ ಕಟ್ಟಿಸಿದ್ದನ್ನು ನಮ್ಮ ಶಾಸನಗಳೂ ಹೇಳುತ್ತವೆ.

ಎರಡು ದಿಣ್ಣೆಗಳ ನಡುವಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ; ಅದರ ಒಳಮೈಗೆ ಕಲ್ಲುಕಟ್ಟಣೆ; ಗದ್ದೆಗೆ ನೀರು ಬಿಡಲು ತೂಬು; ಹೆಚ್ಚಾದ ನೀರು ಹೊರಬೀಳಲು ಕೋಡಿ. ಕೆರೆಯೆಂದರೆ ಇಷ್ಟೇ. ಇದನ್ನು ಕಟ್ಟಿದವನಿಗೆ ಅಥವಾ ಒಡೆದದ್ದನ್ನು ಸರಿಪಡಿಸಿದವನಿಗೆ ಹಗುರ ಕಂದಾಯದ ಭೂಮಿ ಸಿಗುತ್ತಿತ್ತು. ಅದೇ ಕಟ್ಟುಕೊಡಗೆ. ಕೆರೆಯನ್ನು ಸುಸ್ಥಿತಿಯಲ್ಲಿ ಇಡಬೇಕೆಂಬ ಕರಾರಿನ ಮೇಲೂ ಈ ಭೂಮಿ ಕೊಡುತ್ತಿದ್ದರು. ಅಂಥಲ್ಲಿ ಭೂಮಿಯೊಡನೆ ಹೊಣೆಯೂ ಬರುತ್ತಿತ್ತು.

ಈ ಕರಾರು ಏಕೆ? ಮಣ್ಣಿನ ಏರಿಯ ಮೇಲೆ ಒಮ್ಮೆ ನೀರು ಹರಿದರೆ ಏರಿ ಕೊಚ್ಚಿಹೋಗುತ್ತದೆ. ಕೋಡಿಯಲ್ಲಿ ಕಸ ತುಂಬಿದರೂ ಸಾಕು, ಹೆಗ್ಗಣದ ಬಿಲ ದೊಡ್ಡದಾದರೂ ಸಾಕು. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನವು ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಅವುಗಳಲ್ಲೊಂದು. ಅಲ್ಲಿ ಸಾವಿರ ಆಳುಗಳು, ನೂರು ಬಂಡಿಗಳು ಎರಡು ವರ್ಷ ದುಡಿದವಂತೆ. ರಾಜಕುಮಾರನ ಕೆರೆಗೆ ಹೇಳಿದ ದೋಷ ಗೌಡನ ಕೆರೆಗೂ ತಪ್ಪಿದ್ದಲ್ಲ.

ಇನ್ನೊಂದು ಕಾರಣವೂ ಉಂಟು. ನಮ್ಮ ಕೆರೆಗಳು ಸರಪಳಿಯಂತೆ. ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನ ಕೆರೆಗೆ ಆಧಾರ. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಮುಖ್ಯ ಇಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದರು. ಇಂಥಲ್ಲಿ ಮೇಲಿನ ಏರಿ ಒಡೆದರೆ ಆ ನೀರು ಕೆಳಗಿನ ಏರಿಯನ್ನೂ ಒಡೆಯಬಹುದು. ಏರಿ ಒಬ್ಬನದಾದರೂ ಅಪಾಯ ಒಬ್ಬನದಲ್ಲ.

ಇಂದು ಹೆಚ್ಚಿನ ಕೆರೆಗಳು ಸರ್ಕಾರದ ಇಲ್ಲವೆ ಪಂಚಾಯಿತಿಯ ವಶದಲ್ಲಿವೆ. ಕೆರೆಯ ಕೆಳಗಿನ ಭೂಮಿ ಅಣ್ಣತಮ್ಮಂದಿರಲ್ಲಿ ಪಾಲಾಯಿತು, ಮಾರಾಟವಾಯಿತು. ಹೊಣೆಯನ್ನು ಮಾತ್ರ ಯಾರೂ ಪಾಲು ಮಾಡಿಕೊಳ್ಳಲಿಲ್ಲ. ಪಟ್ಟಣ ಸೇರಿದ ನಾವೂ ಇದಕ್ಕೆ ಹೊರತಲ್ಲ. ಊರಿನವರನ್ನು ಗುತ್ತಿಗೆ ಹಣ ಕೇಳುತ್ತೇವೆ, ಮಳೆ ಬಂತೇ ಎಂದೂ ಕೇಳುತ್ತೇವೆ. ಏರಿ ಹೇಗಿದೆ ಎಂದು ಕೇಳುವುದಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಹಿಡಿದು ಕೋಡಿಯವರೆಗೆ ಏರಿಯ ಮೇಲೆ ಒಮ್ಮೆ ನಡೆದು ಬರೋಣ. ಹೂಳೆತ್ತುವ ಕೆಲಸಕ್ಕೆ ಊರವರು ನಮ್ಮ ಪಾಲು ಕೇಳಿದರೆ, ನಾವು ಅಲ್ಲಿಲ್ಲವಲ್ಲ ಎಂದು ನುಣುಚಿಕೊಳ್ಳದಿರೋಣ.