ಗುಲಾಮರು ಕಟ್ಟಿದ ಇಗರ್ಜಿ

ಹಳೆಯ ಭವ್ಯ ಕಟ್ಟಡವನ್ನು ಕಂಡಾಗ ನಾವು ಕಟ್ಟಿಸಿದವರ ಹೆಸರು ಕೇಳುತ್ತೇವೆ, ಕಲ್ಲು ಹೊತ್ತವರನ್ನು ಮರೆಯುತ್ತೇವೆ. ಬ್ರೆಝಿಲಿನ ಸಾಲ್ವಡಾರ್ ನಗರದಲ್ಲಿರುವ 'ಕರಿಯರ ರೋಸರಿ ಮಾತೆಯ ಇಗರ್ಜಿ'ಯಲ್ಲಿ ಇವರಿಬ್ಬರೂ ಒಂದೇ ಜನ.

ಇಗರ್ಜಿ ಇರುವ ಪ್ರದೇಶದ ಹೆಸರು ಪೆಲೊರಿನ್ಯೊ. ಗುಲಾಮರನ್ನು ಕಟ್ಟಿಹಾಕಿ ಬಹಿರಂಗವಾಗಿ ಥಳಿಸುತ್ತಿದ್ದ ಕಂಬದಿಂದ ಬಂದ ಹೆಸರಿದು. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಇವರಿಗೆ ಪೋರ್ಚುಗೀಸ್ ಒಡೆಯರು ತಮ್ಮ ಧರ್ಮವನ್ನು ಕೊಟ್ಟರು, ಪಕ್ಕದಲ್ಲಿ ಕೂರುವ ಹಕ್ಕನ್ನು ಕೊಡಲಿಲ್ಲ. 1685ರಲ್ಲಿ ಕರಿಯರು ತಮ್ಮದೇ ಸೋದರ ಸಂಘ ಸ್ಥಾಪಿಸಿದರು. 1704ರಲ್ಲಿ ಇಗರ್ಜಿಯ ಕೆಲಸ ಶುರುವಾಯಿತು. ಹಗಲೆಲ್ಲ ಒಡೆಯನಿಗೆ ದುಡಿದವರಿಗೆ ಉಳಿಯುತ್ತಿದ್ದುದು ಬಿಡುವಿನ ಹೊತ್ತು ಮಾತ್ರ. ಹಾಗಾಗಿ ಕೆಲಸ ಹೆಚ್ಚುಕಡಿಮೆ 100 ವರ್ಷ ಹಿಡಿಯಿತು. ಹಿಂಭಾಗದಲ್ಲಿ ಗುಲಾಮರ ಸ್ಮಶಾನವಿದೆ. ಬದುಕಿನಲ್ಲಿ ಸಿಗದ ಗೌರವವನ್ನು ಸಂಘವು ಸಾವಿನಲ್ಲಾದರೂ ದೊರಕಿಸಿತು.

ಇದೇ ನಗರದಲ್ಲಿ 1835ರ ರಮಝಾನ್‌ನಲ್ಲಿ ಆಫ್ರಿಕನ್ ಮುಸ್ಲಿಮರು ಗುಲಾಮಗಿರಿಯ ವಿರುದ್ಧ ಬಂಡೆದ್ದರು. 'ಮಾಲೆ ದಂಗೆ' ಎಂದು ಹೆಸರಾದ ಅದನ್ನು ಸೈನಿಕರು ಕೆಲವೇ ಗಂಟೆಗಳಲ್ಲಿ ಹತ್ತಿಕ್ಕಿದರು. ಸತ್ತವರ ಮೈಮೇಲೆ ಅರಬಿ ಬರಹದ ತಾಯಿತಗಳು ಸಿಕ್ಕಿದ್ದವು. ರೋಸರಿ ಹಿಡಿದವರಿಗೂ ತಾಯಿತ ಕಟ್ಟಿದವರಿಗೂ ಬೇಕಿದ್ದುದು ಮನುಷ್ಯರಾಗಿ ಬಾಳುವ ಹಕ್ಕು.

ಬ್ರೆಝಿಲ್ ಗುಲಾಮಗಿರಿಯನ್ನು ರದ್ದುಗೊಳಿಸಿದ್ದು 1888ರಲ್ಲಿ. ಅಷ್ಟರಲ್ಲಿ ಇಗರ್ಜಿಯ ಕೆಲಸ ಶುರುವಾಗಿ ನೂರ ಎಂಬತ್ತು ವರ್ಷ ದಾಟಿತ್ತು. ಇಂದಿಗೂ ಅಲ್ಲಿನ ಪ್ರಾರ್ಥನೆಯಲ್ಲಿ ಆಫ್ರಿಕಾದ ಡೋಲು ಮೊಳಗುತ್ತದೆ.