ಮೂಕಿ ಭಾರ: ಎಳಕೊಂಡು ಹೋಗೋ ಮನಿಗೆ ಕೊಂಡಿ ಬಂದ ಕಥಿ

ಈ ಸಲ ಒಲಿ ಮುಂದಿಂದ ಎದ್ದು ರೋಡಿಗೆ ಬಂದೀನ್ರಿ. ಬರಿಯಾಕತ್ತಿದ್ದು ಹಿಚ್ ಬಗ್ಗೆ. ಹಿಚ್ ಅಂದ್ರ ಕಾರಿಗೂ ಅದರ ಹಿಂದಿನ ಟ್ರೇಲರಿಗೂ ನಡುವ ಇರೋ ಕೊಂಡಿ. ಅಮೆರಿಕಾದ ಇಂಡಿಯಾನಾದಾಗ ಇರೋ ನನ್ನ ಮಗಳು-ಅಳಿಯ ಒಂದು ಟ್ರಾವೆಲ್ ಟ್ರೇಲರ್ ತಗೊಂಡಾರ. ಹಾಸಿಗಿ, ಒಲಿ, ಪಾಯಖಾನಿ ಎಲ್ಲಾ ಇರೋ, ಗಾಲಿ ಮ್ಯಾಲಿನ ಮನಿ. ಆ ಮನಿ ಆರಿಸಾಕ ಅವರಿಗೆ ಎರಡು ದಿನ ಸಾಕಾತು. ಕೊಂಡಿ ಆರಿಸಾಕ ಎರಡು ತಿಂಗಳು ಹಿಡೀತು. ನಾನು ಅಲ್ಲೇ ಇದ್ದೆ, ದಿನಾ ಊಟದ ಹೊತ್ತಿಗೆ ಇದೇ ಮಾತು. ಕೇಳಿ ಕೇಳಿ, ಓದಿ ನೋಡಿ, ಇದಕ್ಕ ನೂರು ವರ್ಷದ ಕಥಿ ಐತಿ ಅಂತ ಗೊತ್ತಾತು. ಗಂಡಸರ ವಿಷಯ ಅಂತ ಪಕ್ಕಕ್ಕ ಇಡಬ್ಯಾಡ್ರಿ. ಆ ಕೊಂಡಿ ಮುಂದಿನ ಸೀಟಿನ್ಯಾಗ ಕೂಡೋರು ನಮ್ಮ ಮೊಮ್ಮಕ್ಕಳು.

ನಮ್ಮ ಕಡೆ ಚಕ್ಕಡಿ ಹೂಡೋರಿಗೆ ಇದರ ಮೊದಲನೇ ಪಾಠ ಹೇಳಬೇಕಾಗಿಲ್ಲ. ಎರಡು ಗಾಲಿ ಚಕ್ಕಡ್ಯಾಗ ಜ್ವಾಳದ ಚೀಲ ಹೇರುವಾಗ ಎಲ್ಲಾ ಮುಂದ ಒಟ್ಟಿದ್ರ ಮೂಕಿ ಕೆಳಗ ಒತ್ತಿ ನೊಗ ಎತ್ತಿನ ಹೆಗಲು ಹುಣ್ಣು ಮಾಡ್ತೈತಿ. ಎಲ್ಲಾ ಹಿಂದ ಒಟ್ಟಿದ್ರ ನೊಗ ಮ್ಯಾಲೆದ್ದು ಕೊರಳ ಪಟ್ಟಿ ಎತ್ತಿನ ಗಂಟಲಾ ಹಿಚುಕ್ತೈತಿ. ಅದಕ್ಕ ಇರಸಿನ ಮ್ಯಾಲ ಭಾರ ಕೂಡಿಸಿ, ಒಂಚೂರು ಮಾತ್ರ ಮುಂದ ಇರೋ ಹಂಗ ಹೇರ್ತಿದ್ರು. ಅಮೆರಿಕಾದವರು ಇದಕ್ಕ ಟಂಗ್ ವೇಟ್ ಅಂತಾರ, ನಾನು ಮೂಕಿ ಭಾರ ಅಂತೀನಿ. ಟ್ರೇಲರಿನ ಒಟ್ಟು ತೂಕದಾಗ ನೂರಕ್ಕ 10ರಿಂದ 15ರಷ್ಟು ಮೂಕಿ ಮ್ಯಾಲ ಇರಬೇಕು ಅನ್ನೋದು ಅವರ ಲೆಕ್ಕ.

ಎಳಕೊಂಡು ಹೋಗೋ ಮನಿ ಕಾರಿಗಿಂತ ಹಳೇದು. 1885ರಾಗ ಇಂಗ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರ್ ಬ್ರಿಸ್ಟಲ್ಲಿನ ಬಂಡಿ ಕಾರ್ಖಾನ್ಯಾಗ ವಾಂಡರರ್ ಅಂತ ಒಂದು ಮನಿ-ಬಂಡಿ ಮಾಡಿಸಿ, ಎರಡು ಕುದರಿ ಕಟ್ಟಿ ಊರೂರು ತಿರುಗಿದ. ಅದಕ್ಕ ನಾಲ್ಕು ಗಾಲಿ. ಭಾರ ಪೂರ್ತಿ ಬಂಡೀದ, ಕುದರಿದು ಬರೇ ಎಳಿಯೋದು. ಮೋಟಾರು ಕಾರು ಬಂದ ಮ್ಯಾಲ ಎರಡು ಗಾಲಿ ಟ್ರೇಲರ್ ಬಂತು, ಮೂಕಿ ಭಾರ ಕಾರಿನ ಬೆನ್ನಿಗೆ ಬಿತ್ತು. ಮಗಳ ಮನಿ ಹತ್ರ ಎಲ್ಕ್‌ಹಾರ್ಟ್ ಅಂತ ಊರೈತಿ, ಟ್ರೇಲರ್ ಕಾರ್ಖಾನಿಗಳ ತವರುಮನಿ. ಅಲ್ಲಿನ ಮ್ಯೂಜಿಯಂದಾಗ 1913ರ ಅರ್ಲ್ ಅನ್ನೋ ಟ್ರೇಲರ್ ಇಟ್ಟಾರ, ಲಾಸ್ ಏಂಜಲೀಸಿನ ಬಂಡಿ ಮಾಡೋರು ಮಾಡಿದ್ದು. ನಮ್ಮ ಎಲ್ಲಮ್ಮನ ಜಾತ್ರಿಗೆ ಹೋಗೋ ಕೊಲ್ಲಾರಿ ಬಂಡಿಗಿಂತ ಭಾಳೇನು ದೊಡ್ಡದಲ್ಲ.

ಇಲ್ಲಿ ಒಂದು ವಿಚಿತ್ರ ಐತ್ರಿ. ಸರಿಯಾದ ಉತ್ತರ ಮೊದಲೇ ಸಿಕ್ಕಿತ್ತು, ಜನ ಅದನ್ನ ಬಿಟ್ರು. 1914ರಾಗ ಡೆಟ್ರಾಯಿಟಿನ ಆಗಸ್ಟ್ ಫ್ರೂಹಾಫ್ ಅನ್ನೋ ಕಮ್ಮಾರ, ಒಬ್ಬ ಕಟ್ಟಿಗಿ ವ್ಯಾಪಾರಿ ದೋಣಿ ಸಾಗಿಸಾಕ ಅಂತ ಫೋರ್ಡ್ ಕಾರಿಗೆ ಒಂದು ಟ್ರೇಲರ್ ಮಾಡಿಕೊಟ್ಟ. ಇವತ್ತಿನ ದೊಡ್ಡ ಲಾರಿಗಳ ವಂಶ ಅಲ್ಲಿಂದ ಬೆಳೀತು. ಆ ಲಾರಿಗಳಾಗ ಟ್ರೇಲರಿನ ಮೂತಿ ಹಿಂದಿನ ಗಾಲಿಗಳ ಮ್ಯಾಲೇ ಕೂಡ್ತೈತಿ, ಹಿಂದ ಜೋತು ಬೀಳಂಗಿಲ್ಲ. ವಿಮಾನದಾಗ ಹೆಸರು ಮಾಡಿದ ಗ್ಲೆನ್ ಕರ್ಟಿಸ್ ಇದನ್ನೇ ಮನಿ ಟ್ರೇಲರಿಗೆ ತಂದ. ಏರೋಕಾರ್ ಅಂತ ಅದರ ಹೆಸರು. ವಿಮಾನದ ಒಂದು ಟಯರ್ ಕಾರಿನ್ಯಾಗ ಅಡ್ಡ ಮಲಗಿಸಿ, ಅದರ ನಡುವ ಟ್ರೇಲರಿನ ಗೂಟ ಇಳಿಸಿದ. ಭಾರ ಇರಸಿನ ಹತ್ರ ಬಿತ್ತು, ರಬ್ಬರ್ ಕುಲುಕಾಟ ನುಂಗ್ತು. ಆದ್ರ ಅದಕ್ಕ ಕಾರಿನ ಹಿಂದಿನ ಭಾಗಾನೇ ಬಿಟ್ಟುಕೊಡಬೇಕು. ಆ ಕಾರು ವಾರದಾಗ ಆರು ದಿನ ಆಫೀಸಿಗೆ, ಸಂತಿಗೆ, ಚರ್ಚಿಗೆ ಬೇಕು. ಹಂಗಾಗಿ ಸಾಮಾನ್ಯ ಮನಿತನದವರು ಬಂಪರ್ ಹತ್ರ ಒಂದು ಕಬ್ಬಿಣದ ಗುಂಡು ಕೂಡಿಸಿ ಅದರ ಮ್ಯಾಲ ಟ್ರೇಲರ್ ಮೂತಿ ಮುಚ್ಚಿಕೊಂಡ್ರು. ಅಗ್ಗ, ಸಲೀಸು. ಮುಂದಿನ ತೊಂದರಿ ಎಲ್ಲಾ ಆ ಗುಂಡಿನಿಂದ ಹುಟ್ಟಿದ್ದು ಅಂತ ನನ್ನ ಅಭಿಪ್ರಾಯ.

ಡೆಟ್ರಾಯಿಟಿನಾಗೇ ಆರ್ಥರ್ ಶರ್ಮನ್ ಅಂತ ಇದ್ದ, ಕಸಬಿನಿಂದ ಜೀವಾಣು ವಿಜ್ಞಾನಿ. ಮಡಚೋ ಡೇರೆ ಟ್ರೇಲರ್ ತಗೊಂಡು ಹೋಗಿ ಮಳ್ಯಾಗ ಅದನ್ನ ಬಿಚ್ಚೋದ್ರಾಗ ಬ್ಯಾಸತ್ತು, ತಾನೇ ಒಂದು ಗಟ್ಟಿ ಪೆಟ್ಟಿಗಿ ಮನಿ ಕಟ್ಟಿಸಿದ. ಅವನ ಮಕ್ಕಳು ಅದಕ್ಕ ಕವರ್ಡ್ ವ್ಯಾಗನ್ ಅಂತ ಹೆಸರಿಟ್ರು. ನಮ್ಮ ಭಾಷಾದಾಗ ಕೊಲ್ಲಾರಿ ಬಂಡಿನೇ ಅನ್ರಿ. 1930ರ ದಶಕದಾಗ ಅದು ಭಾಳ ಮಾರಾಟ ಆತು. ಅದೇ ಹೊತ್ತಿಗೆ ವಾಲಿ ಬಯಾಮ್ 1936ರಾಗ ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದ, ಬೆಳ್ಳಿ ಚಂಬು ಮಲಗಿಸಿದಂಗ ಹೊಳಿಯೋ ಅಲ್ಯುಮಿನಿಯಂ ಟ್ರೇಲರ್. ಆವಾಗ ರೋಡು ಕೆಟ್ಟಿದ್ವು, ವೇಗ ಕಡಿಮಿ, ಗುಂಡು ಸಾಕಾಗ್ತಿತ್ತು.

ಯುದ್ಧ ಮುಗಿದ ಮ್ಯಾಲ ಆಟ ಬದಲಾತು. 1956ರಾಗ ಇಂಟರ್‌ಸ್ಟೇಟ್ ಹೆದ್ದಾರಿ ಕಾಯ್ದೆ ಬಂತು. ಟ್ರೇಲರ್ ಉದ್ದ ಆದ್ವು, ಭಾರ ಆದ್ವು. ಕಾರು ಮಾತ್ರ ಸೋಫಾದಂಗ ಮೆತ್ತಗಾದ್ವು. ಟ್ರೇಲರ್ ಸಿಗಿಸಿದ ಕೂಡಲೇ ಕಾರು ಕುಂಡಿ ಊರಿ ಕೂಡ್ತಿತ್ತು, ಹೆಡ್‌ಲೈಟ್ ಆಕಾಶ ನೋಡ್ತಿದ್ವು, ಸ್ಟಿಯರಿಂಗ್ ಗಾಳ್ಯಾಗ ತಿರುವಿದಂಗ ಹಗುರ ಆಗ್ತಿತ್ತು.

ಯಾಕ ಹಗುರ ಅಂತ ಅಳಿಯ ನನಗ ಲೆಕ್ಕ ಹಾಕಿ ತೋರಿಸಿದ. ಗುಂಡಿನ ಮ್ಯಾಲ 300 ಕಿಲೋ ಬಿತ್ತು ಅನ್ರಿ. ಕಾರಿನ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 3 ಮೀಟರ್, ಅಲ್ಲಿಂದ ಗುಂಡಿಗೆ ಒಂದೂವರಿ ಮೀಟರ್. ಹಿಂದಿನ ಗಾಲಿ ಏತದ ನಡುಗಂಬ ಆತು. ಹಿಂದ 300 ಕಿಲೋ ಜಗ್ಗಿದ್ರ ಮುಂದ 150 ಕಿಲೋ ಮ್ಯಾಲೇಳ್ತೈತಿ. ಹಿಂದಿನ ಗಾಲಿ ಮ್ಯಾಲ ಬೀಳೋದು 300 ಅಲ್ಲ, 450. ದಾರಿ ಹಿಡಿದು ತಿರುವೋ ಗಾಲಿ, ಹೆಚ್ಚು ಬ್ರೇಕ್ ಹಿಡಿಯೋ ಗಾಲಿ ಮುಂದಿನವು. ಅವೇ ಹಗುರಾದ್ವು.

ಮೊದಮೊದಲು ಜನ ಹಿಂದ ಗಟ್ಟಿ ಸ್ಪ್ರಿಂಗ್ ಹಾಕಿದ್ರು. ಕಾರು ಮಟ್ಟ ಕಾಣ್ತಿತ್ತು, ಆದ್ರ ಮುಂದ ಕಳಕೊಂಡ 150 ಕಿಲೋ ಬರಲೇ ಇಲ್ಲ. ಈಗಲೂ ಭಾಳ ಮಂದಿ ಗಾಳಿ ಚೀಲದ ಸ್ಪ್ರಿಂಗ್ ಹಾಕಿ ಎಲ್ಲಾ ಸರಿ ಆತು ಅಂತಾರ. ಕಣ್ಣಿಗೆ ಸರಿ, ತೂಕಕ್ಕ ಸರಿ ಅಲ್ಲ.

ಅದಕ್ಕ ಬಂದಿದ್ದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಭಾರ ಹಂಚೋ ಕೊಂಡಿ. 1950, 60ರ ದಶಕದಾಗ ರೀಸ್, ಈಜ್-ಲಿಫ್ಟ್ ಅನ್ನೋ ಹೆಸರು ಟ್ರೇಲರಿನವರ ಮನಿ ಮಾತಾದ್ವು. ಗುಂಡಿನ ಬುಡದಿಂದ ಎರಡು ಉಕ್ಕಿನ ಪಟ್ಟಿ ಹಿಂದಕ್ಕ ಹೋಗಿ ಟ್ರೇಲರಿನ ಮೂಕಿ ಕೆಳಗ ನಿಲ್ತಾವು. ಸರಪಳಿ ಹಾಕಿ ಅವನ್ನ ಮ್ಯಾಲಕ್ಕ ಬಿಗಿದ್ರ ಪಟ್ಟಿ ಬಿಲ್ಲಿನಂಗ ಬಾಗ್ತಾವು. ಮಣ್ಣು ಹೊರೋ ಒಂದು ಗಾಲಿ ಕೈಗಾಡಿ ಹಿಡಿಕಿ ಎತ್ತಿದಾಗ ಭಾರ ಮುಂದಿನ ಗಾಲಿಗೆ ಹೋಗ್ತೈತಲ್ರಿ, ಹಂಗ. ಮ್ಯಾಲಿನ ಲೆಕ್ಕದಾಗ ಮುಂದ 150 ಕಿಲೋ ಪೂರ್ತಿ ವಾಪಸ್ ಬರೋ ಹಂಗ ಬಿಗಿದ್ರ, ಗುಂಡಿನಿಂದ ಟ್ರೇಲರಿನ ಇರಸು 5 ಮೀಟರ್ ದೂರ ಇದ್ರ, ಸುಮಾರು 70 ಕಿಲೋ ಹಿಂದಕ್ಕ ಟ್ರೇಲರ್ ಗಾಲಿಗೂ ಹೋಗ್ತೈತಿ. ಕಾರಿನ ಹಿಂದಿನ ಗಾಲಿಗೆ ಉಳಿಯೋದು 450 ಬದಲಿ ಸುಮಾರು 230. ಭಾರ ಎಲ್ಲಿಗೂ ಮಾಯ ಆಗಲಿಲ್ಲ, ಮೂರು ಕಡೆ ಹಂಚಿಹೋತು.

1966ರ ಮಾಡೆಲ್ಲಿಗೆ ಓಲ್ಡ್ಸ್‌ಮೊಬಿಲ್ ಕಂಪನಿ ಟೊರೊನಾಡೊ ಅಂತ ಮುಂದಿನ ಗಾಲಿ ತಿರುಗಿಸೋ ಕಾರು ತಂದಿತ್ತು. ರೀಸಿನವರು ಅದರ ಹಿಂದಿನ ಎರಡೂ ಗಾಲಿ ಬಿಚ್ಚಿ, ಬರೇ ಈ ಪಟ್ಟಿಗಳ ಬಲದ ಮ್ಯಾಲ ಕಾರಿನ ಹಿಂಭಾಗ ಎತ್ತಿ ಹಿಡಿದು, ಟ್ರೇಲರ್ ಎಳಿಸಿ ಜಾಹೀರಾತು ಮಾಡಿದ್ರು! ಆ ಫೋಟೋ ನೋಡಿದಾಗ ನನಗ ಸರ್ಕಸ್ ನೆನಪಾತು. ಆದ್ರ ಭಾರ ಹಂಚೋದು ಅಂದ್ರ ಏನು ಅಂತ ಅದಕ್ಕಿಂತ ಚಲೋ ಹೇಳೋದು ಕಷ್ಟ.

ಭಾರದ ಜಡ್ಡಿಗೆ ಔಷಧ ಸಿಕ್ತು. ಇನ್ನೊಂದು ಜಡ್ಡು ಉಳೀತು, ಸ್ವೇ, ಅಂದ್ರ ಟ್ರೇಲರ್ ಬಾಲ ಬೀಸೋದು. ಗುಂಡು ಹಿಂದಿನ ಗಾಲಿಗಿಂತ ಹಿಂದ ಐತಿ. ಟ್ರೇಲರ್ ಪಕ್ಕಕ್ಕ ಸರಿದ್ರ ಕಾರಿನ ಕುಂಡಿ ಹಿಡಿದು ಜಗ್ಗಿದಂಗ. ವೇಗ ಹೆಚ್ಚಿದಂಗ ಆ ತೂಗಾಟ ತಾನಾಗೇ ಅಡಗೋ ಶಕ್ತಿ ಕಡಿಮಿ ಆಗ್ತೈತಿ. ಒಂದು ಮಿತಿ ದಾಟಿದ್ರ ಪ್ರತಿ ಸಲ ಹಿಂದಿನದ್ದಕ್ಕಿಂತ ಜೋರು. ನಾವು ಮೊದಲನೇ ಸಲ ಹೋದಾಗ ಪಕ್ಕದಾಗ ದೊಡ್ಡ ಲಾರಿ ದಾಟಿತು, ಮೂರು ಸಲ ಗಾಡಿ ಈ ಕಡೆ ಆ ಕಡೆ ಆಡಿತು. ಮಗಳು ಹಿಂದ ತಿರುಗಿ ಮಕ್ಕಳ ಮಾರಿ ನೋಡಿದ್ಲು, ಒಂದು ಮಾತಾಡಲಿಲ್ಲ. ಅಳಿಯ ಕಾರಿನ ಬ್ರೇಕ್ ಒತ್ತಲಿಲ್ಲ. ಎಕ್ಸಲರೇಟರ್ ಬಿಟ್ಟು, ಕೈಯಿಂದ ಟ್ರೇಲರಿನ ಬ್ರೇಕ್ ಅಷ್ಟೇ ಹಾಕಿದ. ಅದೇ ಸರಿ ಕ್ರಮ. ಹಿಂದಿನದು ಜಗ್ಗಿ ಹಿಡಿದ್ರ ಸರಪಳಿ ನೆಟ್ಟಗಾದಂಗ ನೆಟ್ಟಗಾಗ್ತೈತಿ. ಆ ಮ್ಯಾಲೇ ಎರಡು ತಿಂಗಳ ಚರ್ಚಾ ಸುರು ಆಗಿದ್ದು.

ಈ ತೂಗಾಟಕ್ಕ ಕಾಲಕಾಲಕ್ಕ ಬ್ಯಾರೆ ಬ್ಯಾರೆ ಉಪಾಯ ಬಂದ್ವು. ಮೊದಲು ಒಂದು ಪಕ್ಕಕ್ಕ ತಿಕ್ಕಾಟದ ಸರಳು, ಬಾಗಲಾ ಬಿಗಿಯಾದಾಗ ತಾನಾಗಿ ತಿರುಗದಂಗ. ಅಗ್ಗ, ಆದ್ರ ರಿವರ್ಸ್ ಹೋಗುವಾಗ ಬಿಚ್ಚಬೇಕು. ಆಮ್ಯಾಲ ರೀಸಿನವರ ಎರಡು ಕ್ಯಾಮಿನ ತಂತ್ರ, ಪಟ್ಟಿ ತುದಿ ಒಂದು ತಗ್ಗಿನ್ಯಾಗ ಕೂತು ಗಾಡಿ ನೆಟ್ಟಗಿರಾಕ ನೋಡ್ತೈತಿ. ಯೂಟಾ ರಾಜ್ಯದವರ ಈಕ್ವಲೈಜರ್ ಹಿಚ್ಚಿನ್ಯಾಗ ಸರಪಳಿನೇ ಇಲ್ಲ, ಪಟ್ಟಿಗಳೇ ನಾಲ್ಕು ಕಡೆ ತಿಕ್ಕಾಡಿ ತೂಗಾಟ ಹಿಡಿದಿಡ್ತಾವು. ಕಡೀಕ ಜಿಮ್ ಹೆನ್ಸ್ಲಿ ಅನ್ನೋರು ಹೆನ್ಸ್ಲಿ ಆ್ಯರೋ ಮಾಡಿದ್ರು. ಇದು ತಿಕ್ಕಾಟದ ಮಾತೇ ಅಲ್ಲ. ಓರೆಯಾದ ತೋಳುಗಳ ಜೋಡಣೆಯಿಂದ ಗಾಡಿ ತಿರುಗೋ ಬಿಂದು ಗುಂಡಿನಿಂದ ಮುಂದ ಸರಿದು ಹಿಂದಿನ ಇರಸಿನ ಹತ್ರ ಇದ್ದಂಗ ನಡಕೋತೈತಿ. ಕರ್ಟಿಸ್ ಮಾಡಿದ್ದ ಕೆಲಸಕ್ಕೇ ವಾಪಸ್ ಬಂದಂಗಾತು, ಕಾರಿನ ಸೀಟು ಕಿತ್ತದ. ರೊಕ್ಕ ಮಾತ್ರ ಉಳಿದವುಕ್ಕಿಂತ ನಾಲ್ಕೈದು ಪಟ್ಟು.

ಯುರೋಪಿನವರು ಈ ದಾರೀನೇ ಹಿಡೀಲಿಲ್ಲ. ಅಲ್ಲಿ ಕಾರು ಸಣ್ಣವು, ಕ್ಯಾರವಾನ್ ಹಗುರ. ಮೂಕಿ ಭಾರ ನೂರಕ್ಕ 5ರಿಂದ 7, ಗುಂಡನ್ನೇ ಗಟ್ಟಿ ಹಿಡಿಯೋ ಸ್ಟೆಬಿಲೈಜರ್, ಜೋಡಿಗೆ ವೇಗದ ಲಗಾಮು: ಬ್ರಿಟನ್ನಿನ್ಯಾಗ ಟ್ರೇಲರ್ ಎಳಿಯೋ ಕಾರಿಗೆ ಗಂಟೆಗೆ 60 ಮೈಲಿಗಿಂತ ಹೆಚ್ಚಿಲ್ಲ. ನನಗ ಇದು ಶಾಣ್ಯಾತನ ಅನ್ನಿಸ್ತೈತಿ. ಅಮೆರಿಕಾದಾಗ ಈ ಮಾತು ಅಂದ್ರ ಅಳಿಯ ನಗ್ತಾನ.

ಅಮೆರಿಕಾದಾಗ 1973ರ ಎಣ್ಣಿ ಬಿಕ್ಕಟ್ಟಿನ ಮ್ಯಾಲ ದೊಡ್ಡ ಕಾರು ಸಣ್ಣಾಗಿ, ಎಳಿಯೋ ಕೆಲಸ ಪಿಕಪ್ ಗಾಡಿಗೆ ಬಂತು. ಯಾವ ಗಾಡಿ ಎಷ್ಟು ಎಳೀತೈತಿ ಅಂತ ಕಂಪನಿಯವರು ತಮ್ಮ ತಮ್ಮ ಅಳತ್ಯಾಗ ಹೇಳ್ಕೋತಿದ್ರು. 2008ರಾಗ ಎಲ್ಲಾರಿಗೂ ಒಂದೇ ಪರೀಕ್ಷೆ ಅಂತ ಜೆ2807 ನಿಯಮ ಬರೆದ್ರು, ಟೊಯೊಟಾ ಮೊದಲು ಒಪ್ಪಿಕೊಂಡಿತು.

ಈಗ ನಮ್ಮನಿ ಲೆಕ್ಕಕ್ಕ ಬರ್ತೀನಿ. ಟ್ರೇಲರ್ ತುಂಬಿದಾಗ 2,700 ಕಿಲೋ. ಮಾರಿದ ಅಂಗಡಿಯವರು ಭಾರ ಹಂಚೋ ಪಟ್ಟಿ ಒಂದಿಷ್ಟು ಹಾಕಿ ಕೊಟ್ಟಿದ್ರು, ತೂಕ ಮಾಡಿರಲಿಲ್ಲ. ನಾನು ಅಳಿಯನ್ನ ಕೇಳಿದ್ದು ಒಂದೇ: ಮೂಕಿ ಮ್ಯಾಲ ಎಷ್ಟೈತಿ? ಅವ ಹೆದ್ದಾರಿ ಪಕ್ಕದ ಲಾರಿ ತೂಕದ ಕಟ್ಟಿಗೆ ಹೋಗಿ, ಬರೇ ಪಿಕಪ್, ಪಟ್ಟಿ ಬಿಗೀದ ಟ್ರೇಲರ್, ಪಟ್ಟಿ ಬಿಗಿದು ಟ್ರೇಲರ್, ಹಿಂಗ ಮೂರು ಸಲ ತೂಗಿಸಿದ. ಮೂಕಿ ಭಾರ 230 ಕಿಲೋ, ನೂರಕ್ಕ ಎಂಟೂವರಿ. ಸೈಕಲ್ಲು, ಗ್ರಿಲ್ಲು, ನೀರಿನ ಕ್ಯಾನು ಎಲ್ಲಾ ಹಿಂದಿನ ತುದ್ಯಾಗ ಕಟ್ಟಿದ್ರು. ಅದೇ ಹಿಂಭಾರ. 60 ಕಿಲೋ ಸಾಮಾನು ಹಿಂದಿಂದ ತೆಗೆದು ಮುಂದಿನ ಗೂಡಿಗೆ ಹಾಕಿದ್ದಕ್ಕ ಮೂಕಿ ಮ್ಯಾಲ ಸುಮಾರು 100 ಕಿಲೋ ಏರಿತು, ನೂರಕ್ಕ 12 ಆತು. ಸಾಮಾನು ಸರಿಸೋ ಮುಂಚೆ ಹೆನ್ಸ್ಲಿ ತಂದಿದ್ರ ಅದು ತೂಗಾಟ ಮುಚ್ಚಿಡ್ತಿತ್ತು, ತಪ್ಪಾದ ಹೇರಾಟ ಹಂಗೇ ಉಳೀತಿತ್ತು. ಅದಕ್ಕ ನಾನು ಮೊದಲು ತಕ್ಕಡಿ, ಆಮ್ಯಾಲ ಹಿಚ್ ಅಂದೆ.

ಕಡೀಕ ನಾಲ್ಕು ಕಡೆ ತಿಕ್ಕೋ ಈಕ್ವಲೈಜರ್ ತಗೊಂಡ್ರು. ಮೂಕಿ ಭಾರ 330 ಕಿಲೋ ಇದ್ದದ್ದಕ್ಕ ಅದಕ್ಕ ಹೊಂದೋ ತೂಕದ ಪಟ್ಟಿನೇ ಆರಿಸಿದ್ರು. ಅತಿ ಗಟ್ಟಿ ಪಟ್ಟಿ ಬಾಗಂಗಿಲ್ಲ, ರೋಡಿನ ಪ್ರತಿ ಏಟು ಟ್ರೇಲರಿನ ಚೌಕಟ್ಟಿಗೆ ಹೊಡೀತೈತಿ. ಮುಂದಿನ ಗಾಲಿ ತೂಕ ಟ್ರೇಲರ್ ಇಲ್ಲದಾಗಿನ ಹತ್ರಕ್ಕ ಬರೋತನ ಎರಡು ಸಲ ಬಿಚ್ಚಿ ಕೋನ ಬದಲಿಸಿದ್ರು. ಮಿಷಿಗನ್ ಸರೋವರದ ದಂಡಿಗೆ ಗಾಳ್ಯಾಗ ಹೋಗಿ ಬಂದ್ವಿ, ಲಾರಿ ದಾಟಿದಾಗ ಒಂದು ಸಣ್ಣ ನೂಕು ಬಂತು, ಅಷ್ಟಕ್ಕೇ ನಿಂತಿತು. ಪಾರ್ಕಿಂಗಿನ್ಯಾಗ ತಿರುವುವಾಗ ಮಾತ್ರ ಆ ಪಟ್ಟಿ ಕಿರ್ರ್ ಅಂತ ಒದರ್ತಾವು, ಅಕ್ಕಪಕ್ಕದ ಡೇರೆಯವರು ಎದ್ದು ನೋಡ್ತಾರ. ತಿಕ್ಕಾಡೋ ಜಾಗಕ್ಕ ಒಂಚೂರು ಗ್ರೀಸ್ ಹಚ್ಚಬೇಕಂತ, ಪುಸ್ತಕದಾಗ ಬರದಾರ. ಆ ಕೆಲಸ ಮೊಮ್ಮಗ ವಹಿಸಿಕೊಂಡಾನ.